ನಾನೂರ ಮೂವತ್ತೆಂಟನೆಯ ಪುಟ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ, ನಾನು ನಾಲ್ಕು ವರ್ಷ ವಧೂವರರ ಪುಟ ಏರಿಸುವ ಕೆಲಸ ಮಾಡಿದೆ. ಯಾರಾದರೂ ಏನು ಕೆಲಸವೆಂದು ಕೇಳಿದರೆ ಕಂಪ್ಯೂಟರ್ ಕೆಲಸ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಮದುವೆ ಸಂಬಂಧ ಹುಡುಕಿಕೊಡುವ ಕೇಂದ್ರ ಎಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: ‘ನಿಮ್ದು ಯಾವಾಗ ಸಾ?’ ನನಗಾಗ ಮೂವತ್ತೊಂದು. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ ನಾನು. ಹಾಗೆ ಕೇಳಿದವರ ಮಗಳ ಫೋಟೋವನ್ನು ಎರಡು ದಿನ ತಡವಾಗಿ ಏರಿಸಿದ್ದೂ ಉಂಟು.

ಕೇಂದ್ರ ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರೊಬ್ಬರು. ಅವರ ಹತ್ತಿರ ಉದ್ದನೆಯ ನೋಟ್‌ಬುಕ್ಕೊಂದಿತ್ತು. ಬಂದವರ ವಿವರವೆಲ್ಲ ಅದರಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಕ್ರಮಸಂಖ್ಯೆ. ಹಳೆಯ ಪುಸ್ತಕಕ್ಕೆ ಗೆದ್ದಲು ಹಿಡಿದ ಮೇಲೆ ಇದನ್ನು ಒಂದರಿಂದ ಶುರು ಮಾಡಿದ್ದರಂತೆ. ನಾನು ಸೇರುವ ಹೊತ್ತಿಗೆ ಅದು ನಾನೂರರ ಹತ್ತಿರ ಬಂದಿತ್ತು. ಯಾರದೋ ಮೊಮ್ಮಗ ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟು ಹೋಗಿದ್ದ. ಮೇಷ್ಟ್ರಿಗೆ ಅದನ್ನು ಮುಟ್ಟಲು ಭಯ. ಹೀಗಾಗಿ ನನ್ನನ್ನು ಇಟ್ಟುಕೊಂಡರು.

ಅವರದು ಎರಡು ನಿಯಮ. ಪುಟದಲ್ಲಾಗಲಿ ಚೀಟಿಯಲ್ಲಾಗಲಿ ಹೆಣ್ಣುಮಕ್ಕಳ ಹೆಸರು ಬರೆಯಕೂಡದು. ‘ಹೆಣ್ಮಕ್ಕಳ ಹೆಸರು ಮೇಜಿನ ಮೇಲೆ ಬಿದ್ದಿರಬಾರದಪ್ಪ, ಟೀ ತಂದವನೂ ಓದ್ತಾನೆ’ ಎನ್ನುತ್ತಿದ್ದರು. ಇನ್ನೊಂದು, ಸಂಬಂಧ ಗೊತ್ತಾದರೂ ಕೊರಳಿಗೆ ತಾಳಿ ಬೀಳುವ ತನಕ ಪುಟ ಕಿತ್ತುಹಾಕಕೂಡದು. ಲಗ್ನಪತ್ರಿಕೆ ಆದ ಮೇಲೂ ಮುರಿದುಬಿದ್ದ ಮದುವೆಗಳನ್ನು ಅವರು ಕಂಡಿದ್ದರು. ಆದರೆ ಗೊತ್ತಾದ ಹುಡುಗಿಯ ಮುಖ ಇನ್ನೂ ನಾಲ್ಕು ಜನರ ಕಣ್ಣಿಗೆ ಬೀಳುವುದೂ ಸರಿಯಲ್ಲ. ಅದಕ್ಕೆ ಪುಟವನ್ನು ಮುಚ್ಚಬೇಕು. ಮೇಷ್ಟ್ರು ಪುಟ್ಟ ಚೀಟಿಯಲ್ಲಿ ಒಂದು ನಂಬರು ಬರೆದು, ಮುಂದೆ ‘ಮುಚ್ಚು’ ಎಂದು ಬರೆದು ನನ್ನ ಮೇಜಿಗೆ ತಳ್ಳುತ್ತಿದ್ದರು. ಕೆಲಸವಾದ ಮೇಲೆ ನಾನು ಆ ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚುತ್ತಿದ್ದೆ.

ಮುಚ್ಚುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ವೆಬ್‌ಸೈಟಿನ ಒಳಮನೆಯಲ್ಲಿ ಎಲ್ಲ ಪುಟಗಳ ಪಟ್ಟಿ ಇರುತ್ತದೆ. ಹೆಸರಿಲ್ಲದ ಕಾರಣ ನಮ್ಮ ಪುಟಗಳ ಶೀರ್ಷಿಕೆ ಹೀಗಿರುತ್ತಿತ್ತು: ‘ವಧು, 26, ಕೊಳ್ಳೇಗಾಲ ತಾಲ್ಲೂಕು, ಬಿ.ಎ.’ ಅದೇ ವಯಸ್ಸು, ಅದೇ ತಾಲ್ಲೂಕು, ಅದೇ ಬಿ.ಎ. ಇನ್ನೂ ಮೂವರು ಇರುತ್ತಿದ್ದರು. ಯಾರ ಪುಟ ಯಾವುದೆಂದು ಖಚಿತವಾಗಿ ಹೇಳುವುದು ಒಂದೇ, ಪ್ರತಿ ಪುಟಕ್ಕೂ ಯಂತ್ರ ತಾನೇ ಕೊಟ್ಟುಕೊಳ್ಳುವ ಸಂಖ್ಯೆ. ಅದು ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಶೀರ್ಷಿಕೆಯ ಮೇಲೆ ಮೌಸಿನ ಬಾಣ ತಂದು, ಒತ್ತದೆ ಸುಮ್ಮನೆ ನಿಲ್ಲಿಸಬೇಕು. ಆಗ ಪರದೆಯ ಕೆಳಗೆ, ಎಡಮೂಲೆಯಲ್ಲಿ, ಸಣ್ಣ ಅಕ್ಷರದ ಉದ್ದ ವಿಳಾಸವೊಂದು ಮೂಡುತ್ತದೆ. ಅದರ ನಡುವೆ ‘ಪೋಸ್ಟ್’ ಎಂಬ ಪದ, ಅದರ ಮುಂದೆ ಸಂಖ್ಯೆ. ಬಾಣ ಸರಿಸಿದರೆ ಅದೂ ಮಾಯ. ಆ ಸಂಖ್ಯೆಯನ್ನು ನೋಡಿಕೊಂಡು, ಸೆಟ್ಟಿಂಗ್ಸಿನಲ್ಲಿರುವ ‘ತೋರಿಸಬಾರದ ಪುಟಗಳು’ ಎಂಬ ಪೆಟ್ಟಿಗೆಯಲ್ಲಿ ಬರೆದರೆ ಆ ಪುಟ ಜನರ ಪಟ್ಟಿಯಿಂದ ಮರೆಯಾಗುತ್ತದೆ. ಆದರೆ ಪುಟ ಸತ್ತಿರುವುದಿಲ್ಲ. ಲಿಂಕ್ ಇದ್ದವರು ಒತ್ತಿದರೆ ತೆರೆಯುತ್ತದೆ.

ಇಷ್ಟೇ ವಿದ್ಯೆ. ಇದನ್ನು ಕಲಿಯಲು ನನಗೆ ಹತ್ತು ನಿಮಿಷ ಸಾಕಾಗಿತ್ತು.

ಅಕ್ಕನ ವಿಷಯ. ಯಳಂದೂರಿನ ಮನೆಯಲ್ಲಿ ಆಗ ನಾವಿಬ್ಬರೇ. ಅಕ್ಕನನ್ನು ಹನೂರಿನ ಆಚೆ ಬಂಡಳ್ಳಿಗೆ ಕೊಟ್ಟಿದ್ದೆವು. ಮದುವೆಯಾದ ನಾಲ್ಕನೆಯ ವರ್ಷ ಭಾವ ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿ ಗುದ್ದಿತು. ಮಕ್ಕಳಿರಲಿಲ್ಲ. ಒಂದು ವರ್ಷ ಅಲ್ಲೇ ಇದ್ದು, ಆಮೇಲೆ ಹೊಲಿಗೆ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಮುಂದಿನ ಕೋಣೆಯಲ್ಲಿ ಅದನ್ನು ಇಟ್ಟು ರವಿಕೆ ಹೊಲಿಯತೊಡಗಿದಳು. ಅವ್ವ ತೀರಿಕೊಂಡ ಮೇಲೆ ನನಗೆ ಅವ್ವನೂ ಅವಳೇ ಆದಳು. ಬೈಗುಳವೂ ಅವಳದೇ, ಮುದ್ದೆಯೂ ಅವಳದೇ.

ನನಗೆ ಹೆಣ್ಣು ನೋಡುವ ಮಾತು ಬಂದಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಅವಳಿಗೆ ಕಾರಣ ಗೊತ್ತಿತ್ತು. ಒಂದು ದಿನ ನಾನು ಊಟಕ್ಕೆ ಕುಳಿತಿದ್ದಾಗ, ಸಾರು ಬಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು:

‘ನಿನ್ನ ಕಂಪೂಟ್ರಲ್ಲಿ ನನ್ನಂತೋರ್ದೂ ಆಕ್ತಾರೇನ್ಲಾ?’

ಹಾಕುತ್ತಾರೆ, ಎರಡನೇ ಸಂಬಂಧ ಅಂತ ಬೇರೆಯೇ ಪಟ್ಟಿ ಇದೆ ಎಂದೆ.

‘ಅಂಗಾರ ನಂದೂ ಆಕು. ನಾನು ಒಂದು ಕಡ ಸೇರ್ಕಂಡ್ರ ನಿಂಗೂ ಒಂದು ಎಣ್ಣು ಬತ್ತದ. ನಿಂಗೋಸ್ಕರ ಅಂತ ತಿಳ್ಕಬ್ಯಾಡ. ನಂಗೂ ಬೇಕು ಕಣ್ಲಾ. ನಂಗಿನ್ನೂ ಮೂವತ್ತಾರು.’

ಅಷ್ಟು ನೇರವಾಗಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಅವ್ವ ಇದ್ದಾಗಲೂ ಕೇಳಿರಲಿಲ್ಲ.

ಭಾನುವಾರ ಹಿತ್ತಿಲ ಗೋಡೆಯ ಮುಂದೆ ನಿಲ್ಲಿಸಿ ನಾನೇ ಫೋಟೋ ತೆಗೆದೆ. ಹಸಿರು ಸೀರೆ ಉಟ್ಟಿದ್ದಳು, ತಾನೇ ಹೊಲಿದ ರವಿಕೆ. ಎಲ್ಲ ಆಯಿತು ಎನ್ನುವಾಗ ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಕನ್ನಡಿಯ ಮುಂದೆ ನಿಂತಿದ್ದಳು, ಕೈಯಲ್ಲಿ ಸ್ಟಿಕ್ಕರಿನ ಹಾಳೆ.

‘ಬೊಟ್ಟು ಇಕ್ಕಂಡ್ರ ಜನ ಏನಾರ ಅಂದಾರಾ?’

‘ಯಾವ ಜನ? ಅವ್ರೇನು ನಿಂಗೆ ಅನ್ನ ಆಕ್ತಾರಾ? ಇಕ್ಕೋ’ ಎಂದು ಗದರಿದೆ. ಅವಳು ಸಣ್ಣದೊಂದು ಕೆಂಪು ಬೊಟ್ಟು ಇಟ್ಟುಕೊಂಡು ಹೊರಗೆ ಬಂದಳು. ಫೋಟೋದಲ್ಲಿ ಅವಳು ನಗುತ್ತಿಲ್ಲ. ಆದರೆ ನಗು ಬರುವ ಮೊದಲಿನ ಮುಖ ಅದು. ಅದು ನನಗೆ ತುಂಬ ಇಷ್ಟ.

ಮರುದಿನ ಪುಟ ಏರಿಸಿದೆ. ‘ವಧು (ಎರಡನೇ ಸಂಬಂಧ), 36, ಯಳಂದೂರು ತಾಲ್ಲೂಕು, ಹೊಲಿಗೆ.’ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಅವಳದು ನಾನೂರ ಇಪ್ಪತ್ತೊಂದು. ಯಂತ್ರ ಕೊಟ್ಟ ಸಂಖ್ಯೆ ಏನೆಂದು ನಾನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಮುಚ್ಚುವ ದಿನ ಬಂದರೆ ತಾನೇ ಅದು ಬೇಕಾಗುವುದು? ಆ ದಿನ ಬೇಗ ಬರಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವಳ ಫೋನಿಗೆ ಲಿಂಕ್ ಕಳಿಸಿದೆ. ಒತ್ತಿದಳು, ತೆರೆಯಿತು. ‘ಅಯ್ ಶಿವ್ನೇ, ನಾನೇಯಾ!’ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪುಟದ ತಳದಲ್ಲಿ ‘ನೋಡಿದವರು’ ಎಂದು ಒಂದು ಎಣಿಕೆ ಇತ್ತು. ಹುಡುಗಿಯರ ತಂದೆತಾಯಿಗೆ ಖುಷಿಯಾಗಲಿ ಎಂದು ಮೇಷ್ಟ್ರು ಹೇಳಿ ಹಾಕಿಸಿದ್ದು. ಪುಟ ತೆರೆದಾಗಲೆಲ್ಲ ಒಂದು ಹೆಚ್ಚಾಗುತ್ತದೆ, ಅಷ್ಟೇ. ಯಾರು ತೆರೆದರು, ಎಷ್ಟು ಸಲ ತೆರೆದರು, ಅದನ್ನೆಲ್ಲ ಅದು ಕೇಳುವುದಿಲ್ಲ.

ಇದಾಗಿ ಹದಿನೈದು ದಿನಕ್ಕೆ ಆಷಾಢ ಹತ್ತಿರ ಬಂತು. ಆಷಾಢ ಹಿಡಿಯುವ ಮೊದಲು ಸಂಬಂಧ ಗೊತ್ತುಮಾಡಿಕೊಳ್ಳಲು ಜನ ಮುಗಿಬೀಳುತ್ತಾರೆ. ಕೇಂದ್ರದಲ್ಲಿ ಕಾಲಿಡಲು ಜಾಗವಿಲ್ಲ. ಮೇಷ್ಟ್ರು ಒಂದೇ ದಿನ ಏಳೆಂಟು ಚೀಟಿ ತಳ್ಳಿದರು. ಅವರಿಗೆ ನಾನು ಬಹಳ ಸಲ ಹೇಳಿದ್ದೆ: ಮೇಷ್ಟ್ರೇ, ನಿಮ್ಮ ಪುಸ್ತಕದ ನಂಬರು ಬರೀಬೇಡಿ, ಅದನ್ನು ನೋಡಿಕೊಂಡು ಮತ್ತೆ ಪುಟ ಹುಡುಕಬೇಕು, ಯಂತ್ರದ ಸಂಖ್ಯೆಯನ್ನೇ ಬರೀರಿ ಎಂದು. ಪಾಪ, ಕಲಿತಿದ್ದರು. ಒತ್ತದೆ ಬಾಣ ನಿಲ್ಲಿಸುವಷ್ಟು ಧೈರ್ಯ ಮಾಡಿ, ಮೂಲೆಯ ಸಂಖ್ಯೆ ನೋಡಿಕೊಂಡು ಬರೆಯುತ್ತಿದ್ದರು. ಆದರೆ ಜನ ಹೆಚ್ಚಾದಾಗ ಇಪ್ಪತ್ತು ವರ್ಷದ ಕೈ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಆ ತಿಂಗಳು ಅವರ ಪುಸ್ತಕದ ನಂಬರೂ ನಾನೂರರ ಮೇಲೆ, ಫೋಟೋಗಳಿಗೂ ಒಂದೊಂದು ಸಂಖ್ಯೆ ಕೊಟ್ಟುಕೊಂಡು ಓಡುತ್ತಿದ್ದ ಯಂತ್ರದ ಎಣಿಕೆಯೂ ನಾನೂರರ ಮೇಲೆ. ಚೀಟಿ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವಂತಿರಲಿಲ್ಲ.

ಅಂದಿನ ಒಂದು ಚೀಟಿಯಲ್ಲಿ ‘438 ಮುಚ್ಚು’ ಎಂದಿತ್ತು. ಬಾಣ ನಿಲ್ಲಿಸಿ ಒಮ್ಮೆ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಚೀಟಿಯನ್ನು ನೋಡಿ ನೇರವಾಗಿ ಪೆಟ್ಟಿಗೆಯಲ್ಲಿ ಒತ್ತಿದೆ, ಚೀಟಿಯನ್ನು ತಂತಿಗೆ ಚುಚ್ಚಿದೆ, ಮುಂದಿನದು ತೆಗೆದುಕೊಂಡೆ.

ಒಂದು ವಾರದ ಮೇಲೆ ಒಬ್ಬ ಹುಡುಗಿಯ ಸೋದರಮಾವ ಮೆಟ್ಟಿಲು ಹತ್ತಿ ಬಂದು ಕೂಗಾಡಿದ. ಲಗ್ನ ಕಟ್ಟಿಸಿಯಾಗಿದೆ, ಇನ್ನೂ ನಮ್ಮ ಹುಡುಗಿಯ ಪುಟ ಕಾಣುತ್ತಿದೆ, ಬೀಗರು ನೋಡಿದರೆ ಏನು ಗತಿ ಎಂದು. ನನಗೂ ಸಿಟ್ಟು ಬಂತು. ಅವನ ಎದುರಿಗೇ ಪಟ್ಟಿ ತೆರೆದು, ಬಾಣ ನಿಲ್ಲಿಸಿ, ಅವಳ ಸಂಖ್ಯೆ ನಾನೂರ ಅರವತ್ಮೂರು ಎಂದು ಕಂಡುಕೊಂಡು, ಪೆಟ್ಟಿಗೆಗೆ ಸೇರಿಸಿ, ‘ಆಯ್ತು, ಓಗ್ರಿ’ ಎಂದೆ. ಮೇಷ್ಟ್ರ ಪುಸ್ತಕದಲ್ಲಿ ಆ ಹುಡುಗಿ ನಾನೂರ ಮೂವತ್ತೆಂಟು. ಅಂದರೆ ಮೊದಲು ಒತ್ತಿದ್ದು ತಪ್ಪು ಎಂದು ಅಲ್ಲೇ ಹೊಳೆಯಬೇಕಿತ್ತು. ಬಿಟ್ಟುಹೋಗಿದ್ದನ್ನು ಸೇರಿಸಿದೆ. ತಪ್ಪಿ ಸೇರಿದ್ದನ್ನು ತೆಗೆಯಲಿಲ್ಲ. ಬೈಸಿಕೊಂಡ ಉರಿಯಲ್ಲಿ ಅದು ಕಣ್ಣಿಗೇ ಬೀಳಲಿಲ್ಲ.

ಅಕ್ಕ ಕಾಯತೊಡಗಿದಳು. ಮಧ್ಯಾಹ್ನ ಹೊಲಿಗೆಯ ನಡುವೆ ಚಾ ಕುಡಿಯುವಾಗ ಲಿಂಕ್ ಒತ್ತಿ ನೋಡುತ್ತಿದ್ದಳು. ನಾನು ಸಂಜೆ ಬಸ್ಸಿಳಿದು ಚಪ್ಪಲಿ ಬಿಡುವುದರೊಳಗೆ ವರದಿ.

‘ಇವತ್ತು ಮೂವತ್ತೊಂದಾಯ್ತು ನೋಡ್ಲಾ. ಅಷ್ಟ್ ಜನ ನೋಡವ್ರ.’

ನಾನೂ ಹಿಗ್ಗುತ್ತಿದ್ದೆ. ಅವಳದೇ ಬೆರಳು ಆ ಎಣಿಕೆಯನ್ನು ಏರಿಸುತ್ತಿರಬಹುದು ಎಂದು ಕಂಪ್ಯೂಟರ್ ಕೆಲಸದವನೆಂದು ಬೀಗುತ್ತಿದ್ದ ನನಗೆ ಹೊಳೆಯಬಾರದೇ? ಅವಳು ಒಂದೋ ಎರಡೋ ಸಲ ನೋಡುತ್ತಾಳೆ, ಉಳಿದದ್ದೆಲ್ಲ ಜನ ಎಂದುಕೊಂಡಿದ್ದೆ. ಹಾಗೆಂದುಕೊಳ್ಳುವುದು ಹಿತವಾಗಿತ್ತು.

ಐವತ್ತಾಯಿತು, ನೂರಾಯಿತು. ಫೋನ್ ಬರಲಿಲ್ಲ. ಮೊದಮೊದಲು ಶ್ರಾವಣ ಬರಲಿ ಎಂದಳು. ಆಮೇಲೆ ದೀಪಾವಳಿ ಕಳೆಯಲಿ ಎಂದಳು. ನೂರ ಐವತ್ತು ದಾಟಿದ ಮೇಲೆ ವರದಿ ನಿಂತಿತು. ನಾನೇ ಕೇಳಿದರೆ ‘ನೋಡ್ತಾ ಅವ್ರ, ಓಯ್ತಾ ಅವ್ರ’ ಎನ್ನುತ್ತಿದ್ದಳು. ಒಂದು ದಿನ ಹಾಗೆಂದವಳು ಸುಮ್ಮನೆ ಕೇಳಿದಳು, ‘ಅಷ್ಟೊಂದು ಚೆಂದಾಗಿಲ್ವೇನ್ಲಾ ನಾನು?’ ನಾನು ‘ಥೂ, ಏನ್ ಮಾತಕ್ಕ’ ಎಂದು ಎದ್ದು ಹೋದೆ. ಕುಳಿತು ಉತ್ತರ ಹೇಳಬೇಕಿತ್ತು. ಅವಳ ಹಣೆಯ ಬೊಟ್ಟು ಯಾವಾಗ ಹೋಯಿತು ಎಂದು ನನಗೆ ಗೊತ್ತಿಲ್ಲ. ಒಂದು ದಿನ ನೋಡಿದಾಗ ಇರಲಿಲ್ಲ.

ಆ ನಡುವೆ ಕೌದಳ್ಳಿಯಿಂದ ಒಬ್ಬರು ಬಂದರು. ನಲವತ್ತೊಂದು ವಯಸ್ಸು, ನೀರಿನ ಮೋಟಾರು ರಿಪೇರಿ ಅಂಗಡಿ. ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡು ಮೂರು ವರ್ಷ. ಆರನೇ ಕ್ಲಾಸಿನ ಒಬ್ಬಳು ಮಗಳು. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು, ಎಣ್ಣೆಯ ಕಲೆ ಹೋಗದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ‘ನಮ್ ಮಗೀನ ಸರ್ಯಾಗಿ ನೋಡ್ಕಳೋರಾದ್ರ ಸಾಕು ಸಾ. ಅವ್ರಿಗೂ ಕಷ್ಟ ಗೊತ್ತಿರ್ಬೇಕು, ಅಷ್ಟೇಯ’ ಎಂದರು. ಒಳ್ಳೆಯ ಮನುಷ್ಯ ಎಂದು ಕಂಡಕೂಡಲೇ ಅನಿಸಿತು.

‘ನಮ್ಮಕ್ಕ ಒಬ್ಬಳಿದ್ದಾಳೆ’ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ? ಹೇಳಲಿಲ್ಲ. ಮನೆಯ ಹೆಣ್ಣನ್ನು ಮನೆಯವರೇ ಮುಂದಿಡುವುದು ನಮ್ಮಲ್ಲಿ ಹೀನಾಯ. ಗಂಡಿನ ಕಡೆಯವರು ಕೇಳಬೇಕು, ಇಲ್ಲವೇ ನಡುವಿನವರೊಬ್ಬರು ಮಾತೆತ್ತಬೇಕು. ಮೇಷ್ಟ್ರು ಆ ದಿನ ಹನೂರಿಗೆ ಹೋಗಿದ್ದರು. ಪಟ್ಟಿಯಲ್ಲಿ ಅವಳು ಇದ್ದೇ ಇದ್ದಾಳಲ್ಲ, ಅವರೇ ನೋಡಿ ಕೇಳಲಿ ಎಂದುಕೊಂಡೆ. ಎರಡನೇ ಸಂಬಂಧದ ಪಟ್ಟಿ ತೆರೆದು, ಮೌಸನ್ನು ಅವರ ಕೈಗೆ ಕೊಟ್ಟು, ಟೀ ತರುತ್ತೇನೆಂದು ಕೆಳಗೆ ಹೋದೆ. ಅಕ್ಕನ ಫೋಟೋವನ್ನು ಬೇರೆ ಗಂಡಸು ನೋಡುವಾಗ ಪಕ್ಕದಲ್ಲಿ ಕೂರಲು ನನ್ನಿಂದಾಗಲಿಲ್ಲ. ಕೂತಿದ್ದರೆ ಅವಳು ಅಲ್ಲಿಲ್ಲ ಎಂಬುದು ಅಂದೇ ಗೊತ್ತಾಗುತ್ತಿತ್ತು.

ಬೇಕೆಂದೇ ತಡಮಾಡಿ, ಎರಡು ಲೋಟ ಟೀ ಹಿಡಿದು ಮೇಲೆ ಬಂದೆ. ಅವರು ಎದ್ದು ನಿಂತಿದ್ದರು.

‘ನೋಡ್ದೆ ಸಾ. ನಂಗ ಹೊಂದುವಾಂಗ ಕಾಣ್ನಿಲ್ಲ ಯಾರೂವ. ಇನ್ನೊಂದ್ಸಲ ಬತ್ತೀನಿ.’

ನನಗೆ ಮೈಯೆಲ್ಲ ಉರಿಯಿತು. ಮೋಟಾರು ರಿಪೇರಿಯವನಿಗೆ ನನ್ನ ಅಕ್ಕ ಸಾಲದಾದಳೇ? ಅವರು ಮೆಟ್ಟಿಲಿಳಿದು ಹೋದ ಮೇಲೆ ಎರಡು ಲೋಟ ಟೀಯನ್ನೂ ನಾನೇ ಕುಡಿದೆ. ಅವರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಆಮೇಲೆ ಅವರು ಎರಡು ಸಲ ಫೋನ್ ಮಾಡಿ ಹೊಸ ಪುಟ ಬಂತೇ ಎಂದು ಕೇಳಿದಾಗಲೂ ‘ಇಲ್ಲ’ ಎಂದು ಕುಕ್ಕಿದಂತೆ ಹೇಳಿ ಫೋನ್ ಇಟ್ಟೆ.

ಆ ಸಂಜೆ ಅಕ್ಕನಿಗೆ ಏನೂ ಹೇಳಲಿಲ್ಲ. ಅವಳು ಮಾತ್ರ ಬಹಳ ದಿನದ ಮೇಲೆ ‘ಇವತ್ತು ಎರಡು ಜಾಸ್ತಿ ಆಗದ’ ಎಂದಳು. ಆ ಎರಡರಲ್ಲಿ ಒಂದು ಅವನೇ ಎಂದು ನಾನು ಹಲ್ಲು ಕಚ್ಚಿದೆ.

ಪುಟ ಏರಿಸಿ ಒಂದೂವರೆ ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ, ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದಳು.

‘ಲೇ, ಅದ ತಗದ್ಬುಡು.’

‘ಯಾವ್ದು?’

‘ನನ್ ಪೋಟೋವ. ಇನ್ನೂರ ಎಪ್ಪತ್ತೊಂದು ಜನ ನೋಡವ್ರ. ಒಬ್ರೂ ಬೇಕು ಅನ್ನಿಲ್ಲ. ಸಾಕು. ಇನ್ನ ಮ್ಯಾಕ ನಂಗ ಆ ಆಸ ಬ್ಯಾಡ.’

ನಾನು ಏನೋ ಹೇಳಲು ಹೋದೆ. ಅವಳು ಜೋರಾಗಿ ಪೆಡಲು ತುಳಿದಳು. ನನ್ನ ಮಾತು ಅದರಲ್ಲಿ ಕೇಳಿಸಲಿಲ್ಲ.

ಕೇಂದ್ರಕ್ಕೆ ಹೋಗಿ ಕಂಪ್ಯೂಟರ್ ಆನ್ ಮಾಡಿದೆ. ನಿಯಮದ ಪ್ರಕಾರ ಕಿತ್ತುಹಾಕುವಂತಿಲ್ಲ, ಮುಚ್ಚಬೇಕು. ಪಟ್ಟಿ ತೆರೆದು ಅವಳ ಶೀರ್ಷಿಕೆ ಹುಡುಕಿದೆ. ಬಾಣವನ್ನು ಅದರ ಮೇಲೆ ನಿಲ್ಲಿಸಿದೆ. ಕೆಳಗಿನ ಮೂಲೆಯಲ್ಲಿ ಸಂಖ್ಯೆ ಮೂಡಿತು: 438. ಒಂದೂವರೆ ವರ್ಷದಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ಸೆಟ್ಟಿಂಗ್ಸಿಗೆ ಹೋಗಿ ಪೆಟ್ಟಿಗೆಯ ಕೊನೆಯಲ್ಲಿ ಅದನ್ನು ಬರೆದು ಉಳಿಸಿದೆ. ಒಂದೇ ಸಂಖ್ಯೆ ಎರಡು ಸಲ ಬಂದಿದೆ ಎಂದು ಯಂತ್ರ ಕೆಂಪು ಅಕ್ಷರದಲ್ಲಿ ತೋರಿಸಿತು.

ಮೊದಲಿನಿಂದ ಓದಿದೆ. ಸಾಲಿನ ನಡುವೆ ಇತ್ತು, ನಾನೂರ ಮೂವತ್ತೆಂಟು. ನಾಲ್ಕಾರು ಸಂಖ್ಯೆ ದಾಟಿ ನಾನೂರ ಅರವತ್ಮೂರು. ಆ ಸೋದರಮಾವ ಕೂಗಾಡಿದ್ದು ನೆನಪಾಯಿತು. ಕೇಂದ್ರದ ಕಂಪ್ಯೂಟರಿನಲ್ಲಿ ಬೇಡವೆಂದು ನನ್ನ ಫೋನ್ ತೆಗೆದು, ದಾರಿಹೋಕನೊಬ್ಬ ನೋಡುವ ಹಾಗೆ ಎರಡನೇ ಸಂಬಂಧದ ಪಟ್ಟಿಯನ್ನು ನೋಡಿದೆ. ಎಣಿಸಿದೆ. ಒಂಬತ್ತು ಜನ. ಪೆಟ್ಟಿಗೆಯಿಂದ ಎರಡೂ ಕಡೆ ಆ ಸಂಖ್ಯೆಯನ್ನು ತೆಗೆದು ಮತ್ತೆ ನೋಡಿದೆ. ಹತ್ತು. ಹತ್ತನೆಯವಳು ಹಸಿರು ಸೀರೆಯಲ್ಲಿ, ಕೆಂಪು ಬೊಟ್ಟಿನಲ್ಲಿ, ನಗು ಬರುವ ಮೊದಲಿನ ಮುಖದಲ್ಲಿ ನಿಂತಿದ್ದಳು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಕೆಳಗಿನ ಅಂಗಡಿಗೆ ಗೊಬ್ಬರದ ಮೂಟೆ ಇಳಿಸುತ್ತಿದ್ದ ಸದ್ದು ಕೇಳುತ್ತಲೇ ಇತ್ತು.

ಮೇಷ್ಟ್ರು ಬಂದ ಮೇಲೆ ಹೇಳಿದೆ. ಅವರು ನಂಬಲಿಲ್ಲ. ತಂತಿಯಿಂದ ಒಂದೊಂದೇ ಚೀಟಿ ಬಿಡಿಸಿ, ಕನ್ನಡಕ ಏರಿಸಿ, ಆ ಚೀಟಿ ಸಿಗುವ ತನಕ ಹುಡುಕಿದರು. ಸಿಕ್ಕಿತು. ಪುಸ್ತಕದ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

‘ನನ್ನ ಅಕ್ಷರ ಕಣಪ್ಪ. ತಪ್ಪು ನಂದು’ ಎಂದರು.

‘ಒತ್ತಿದ್ದು ನಾನು ಮೇಷ್ಟ್ರೇ’ ಎಂದೆ.

ಅವರು ಪುಸ್ತಕ ಮುಚ್ಚಿದರು. ಆ ದಿನ ಬಂದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿಬಿಟ್ಟರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಆ ತಾಯಿಗೆ ಏನಂತ ಹೇಳ್ತೀಯಪ್ಪ?’ ಎಂದು ಕೇಳಿದರು.

ಅಕ್ಕನಿಗೆ ಹೇಳುವ ಮೊದಲು ಒಂದು ವಿಷಯ ನನಗೆ ತಿಳಿಯಬೇಕಿತ್ತು. ಮರುದಿನ ಕೇಂದ್ರಕ್ಕೆ ಹೋಗದೆ ಹನೂರಿನ ಬಸ್ಸು ಹತ್ತಿದೆ, ಅಲ್ಲಿಂದ ಬೆಟ್ಟದ ಬಸ್ಸು ಹಿಡಿದು ಕೌದಳ್ಳಿಯಲ್ಲಿ ಇಳಿದೆ. ಮೋಟಾರು ಅಂಗಡಿ ರಸ್ತೆಯ ಮೇಲೇ ಇತ್ತು. ಅವರು ನನ್ನ ಗುರುತು ಹಿಡಿದು, ಕೈ ಒರೆಸಿಕೊಂಡು, ಸ್ಟೂಲು ಎಳೆದು ಹಾಕಿದರು. ನಾನು ಶಾಪ ಹಾಕಿದ್ದೆನಲ್ಲ, ಅದೇ ಮನುಷ್ಯ. ಫೋನಿನಲ್ಲಿ ಅಕ್ಕನ ಪುಟ ತೆರೆದು ತೋರಿಸಿದೆ. ಆ ದಿನ ಕೇಂದ್ರದಲ್ಲಿ ಇವರನ್ನು ನೋಡಿದ್ದಿರಾ ಎಂದು ಕೇಳಿದೆ.

ಅವರು ಫೋನನ್ನು ಬಿಸಿಲಿನಿಂದ ಮರೆಮಾಡಿಕೊಂಡು ನೋಡಿದರು.

‘ಇಲ್ಲ ಸಾ. ಇವ್ರ ಇರ್ನಿಲ್ಲ. ಇದ್ದಿದ್ರ ಗ್ಯಾಪ್ನ ಇರ್ತಿತ್ತು. ಯಾರು ಇವ್ರು?’

‘ನಮ್ಮಕ್ಕ’ ಎಂದೆ.

ಅವರು ಮತ್ತೊಮ್ಮೆ ಫೋಟೋ ನೋಡಿದರು. ‘ಹೊಲ್ಗ ಮಾಡ್ತಾರ ಅಂತ ಬರ್ದದಲ್ಲ ಸಾ’ ಎಂದರು. ಅಷ್ಟರಲ್ಲಿ ಒಳಗಿನಿಂದ ಹೆಂಗಸೊಬ್ಬರು ಚೊಂಬಿನಲ್ಲಿ ನೀರು ತಂದುಕೊಟ್ಟರು. ಅವರ ಹಿಂದೆ ಎರಡು ಜಡೆಯ ಹುಡುಗಿ, ಆ ಹೆಂಗಸಿನ ಸೆರಗು ಹಿಡಿದುಕೊಂಡೇ ಇದ್ದಳು. ‘ನಮ್ ಮನೇರು ಸಾ. ಐದು ತಿಂಗ್ಳಾಯ್ತು’ ಎಂದು ಅವರು ಫೋನನ್ನು ನನ್ನ ಕೈಗೆ ಕೊಟ್ಟರು. ಒಳ್ಳೆಯದಾಯಿತು ಎಂದೆ. ನೀರು ಕುಡಿದೆ. ಅವರು ಬಸ್ಸಿನ ತನಕ ಬಂದು, ನಾನು ಹತ್ತುವಾಗ, ‘ಅಕ್ಕಾರ್ಗ ಒಳ್ಳೇದಾಗ್ಲಿ ಸಾ’ ಎಂದರು. ಕಿಟಕಿಯಿಂದ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಯಳಂದೂರು ಸೇರಿದಾಗ ಇನ್ನೂ ಬಿಸಿಲಿತ್ತು. ಅಕ್ಕ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಎದುರಿಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಚೀಟಿ, ಪೆಟ್ಟಿಗೆ, ನಾನೂರ ಮೂವತ್ತೆಂಟು. ಕೌದಳ್ಳಿಯವರ ವಿಷಯವನ್ನೂ ಬಿಡಲಿಲ್ಲ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಹುಕ್ಕು ಹಾಕುತ್ತಲೇ ಇದ್ದಳು. ಕಂಪ್ಯೂಟರಿನ ಮಾತು ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.

‘ಗೊತ್ತಾಯ್ತು ಬುಡು’ ಎಂದು ಸೂಜಿ ನಿಲ್ಲಿಸಿದಳು. ‘ಜನುಕ್ಕ ನಾನು ಕಾಣ್ತಾನೇ ಇರ್ನಿಲ್ಲ. ಅಂಗಾರ ಆ ಇನ್ನೂರ ಎಪ್ಪತ್ತೊಂದು ಜನ ಯಾರ್ಲಾ?’

ಆ ಪ್ರಶ್ನೆ ಬರುತ್ತದೆಂದು ಬಸ್ಸಿನಲ್ಲೆಲ್ಲ ಹೆದರಿದ್ದೆ.

‘ನೀನೇ ಅಕ್ಕ’ ಎಂದೆ. ‘ಒಂದೈದಾರು ಸಲ ನಾನು. ಮುಚ್ಚುವ ಮೊದಲಿನ ಹದಿನೈದು ದಿನದಲ್ಲಿ ಯಾರೋ ಒಬ್ಬಿಬ್ಬರು ಇದ್ದರೂ ಇರಬಹುದು. ಉಳಿದದ್ದೆಲ್ಲ ನೀನೇ.’

‘ಎಲ್ಲಾನೂವಾ?’

ತಲೆಯಾಡಿಸಿದೆ. ಅವಳು ಪಕ್ಕದಲ್ಲಿದ್ದ ಫೋನ್ ತೆಗೆದುಕೊಂಡು ಲಿಂಕ್ ಒತ್ತಿದಳು. ಪುಟ ತೆರೆಯಿತು. ಎಣಿಕೆ ಒಂದು ಹೆಚ್ಚಾಯಿತು. ಅದನ್ನು ನೋಡುತ್ತಲೇ ಇದ್ದಳು.

‘ಈ ಒಂದೂವರೆ ವರ್ಸ ನಂಗ ಕನ್ನಡಿ ನೋಡ್ಕಳಾಕ ಮನ್ಸಾಯ್ತಿರ್ನಿಲ್ಲ ಕಣ್ಲಾ. ಅಷ್ಟ್ ಜನ ಬ್ಯಾಡ ಅಂದ ಮುಕ ಅಲ್ವಾ ಅಂತ.’

ನಾನು ಅವಳ ಕಾಲು ಹಿಡಿದುಕೊಂಡೆ. ಪುಟ ಈಗ ಸರಿಯಾಗಿದೆ, ಹಾಗೇ ಇರಲಿ, ಇನ್ನೊಂದು ವರ್ಷ ನೋಡೋಣ ಎಂದು ಬೇಡಿಕೊಂಡೆ. ಅವಳು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಫೋನಿನಲ್ಲಿದ್ದ ತನ್ನ ಮುಖವನ್ನು ಬೆರಳಿನಿಂದ ಒರೆಸಿ, ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು:

‘ಅಂಗಾರ ಯಾರೂ ಬ್ಯಾಡ ಅಂದಿರ್ನಿಲ್ಲ.’

ಆಮೇಲೆ, ಭಾವ ಸತ್ತಾಗಲೂ ನಾನು ಕೇಳದಿದ್ದಷ್ಟು ಜೋರಾಗಿ, ಅತ್ತಳು.